ಮಕ್ಕಳ ಪ್ರಾಜೆಕ್ಟ್ ಎಲ್ಲಾ ಫೋನೇ ಬರೆದುಕೊಡುತ್ತಿದೆ. ಹಾಗಾದರೆ ಇನ್ನು ಮುಂದೆ ನಾನು ಕ್ಲಾಸಿನಲ್ಲಿ ಏನು ಕೇಳಲಿ?

ಎಡದಂಡೆ ಮಾಸ್ತರ್ (ಸಿಂಧನೂರು ತಾಲೂಕು)

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳುವವನು. ಹನ್ನೊಂದು ವರ್ಷ ಆಯಿತು. ಈ ಸಲದ ಹಾಗೆ ಯಾವತ್ತೂ ತಲೆ ಕೆಟ್ಟಿರಲಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಒಂಬತ್ತನೇ ಕ್ಲಾಸಿಗೆ 'ನಮ್ಮೂರಿನ ನೀರಾವರಿ' ಅಂತ ಪ್ರಾಜೆಕ್ಟ್ ಕೊಟ್ಟಿದ್ದೆ. 38 ಮಕ್ಕಳು, 38 ಫೈಲ್ ಬಂದವು. ಸ್ಕೆಚ್ ಪೆನ್ನಿನ ಹೆಡ್ಡಿಂಗು, ಸುತ್ತ ಬಾರ್ಡರು, ನೋಡುವುದಕ್ಕೆ ಚೆನ್ನಾಗೇ ಇದ್ದವು. ಓದಲು ಕೂತರೆ ಇಪ್ಪತ್ತಾರು ಫೈಲು ಒಂದೇ ಸಾಲಿನಿಂದ ಶುರು: "ನೀರಾವರಿಯು ಕೃಷಿಯ ಬೆನ್ನೆಲುಬಾಗಿದೆ." ಆಮೇಲೆ ಹನಿ ನೀರಾವರಿ, ತುಂತುರು ನೀರಾವರಿ, ಇಸ್ರೇಲ್ ದೇಶ. ನಮ್ಮೂರಲ್ಲಿ ಹನಿ ನೀರಾವರಿ ಯಾರ ಹೊಲದಲ್ಲೂ ಇಲ್ಲ ಸ್ವಾಮಿ, ಎಲ್ಲಾ ಕಾಲುವೆ ನೀರು, ಎಲ್ಲಾ ನೆಲ್ಲು.

ಅದರಲ್ಲಿ ಒಬ್ಬ ಹುಡುಗ ಬರೆದಿದ್ದಾನೆ, "ನಮ್ಮ ಊರಿನ ಜೀವನಾಡಿಯಾದ ಕಾವೇರಿ ನದಿಯು..."

ಕಾವೇರಿ! ಅವನ ಮನೆ ಹಿಂದೆ ಇನ್ನೂರು ಹೆಜ್ಜೆ ನಡೆದರೆ ತುಂಗಭದ್ರಾ ಎಡದಂಡೆ ನಾಲೆಯ ಉಪಕಾಲುವೆ ಸಿಗುತ್ತದೆ. ಅವರಪ್ಪ ಅದೇ ಕಾಲುವೆ ಮೇಲೆ ಗ್ಯಾಂಗ್‌ಮನ್, ಗೇಟು ಎತ್ತುವುದು ಇಳಿಸುವುದು ಅವರದೇ ಕೆಲಸ. ಹುಡುಗನನ್ನು ಕರೆದು ಕೇಳಿದೆ, ಕಾವೇರಿ ಎಲ್ಲಿಂದ ಬಂತೋ ಅಂತ. "ಫೋನ್ದಾಗ ಹಂಗ ಬಂತ್ರಿ ಸರ" ಅಂದ. ನೀನು ಓದಿ ನೋಡಲಿಲ್ಲವಾ ಅಂದರೆ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರದೀನ್ರಿ ಸರ, ಓದಿಲ್ರಿ" ಅಂದ.

ಬರೆದಿದ್ದೇನೆ, ಓದಿಲ್ಲ. ಮೂರು ದಿನದಿಂದ ಇದೇ ತಲೆಯಲ್ಲಿ ತಿರುಗುತ್ತಿದೆ.

ಬೈಯಲಿಲ್ಲ. ಬೈಯುವ ಮುಖ ನನಗೂ ಇಲ್ಲ, ಯಾಕೆಂದರೆ ಹೋದ ತಿಂಗಳ ಪಾಠ ಯೋಜನೆ ನಾನೂ ಎಐ ಕೈಲಿ ಬರೆಸಿ, ಎರಡು ಶಬ್ದ ತಿದ್ದಿ ಪ್ರಿಂಟ್ ತೆಗೆದಿದ್ದೆ. ಸ್ಟಾಫ್ ರೂಮಿನಲ್ಲಿ ಕೇಳಿದರೆ ಒಬ್ಬರು ಎಲ್ಲಾ ಹತ್ತು ಸಲ ಬರೆಸಿ ಅನ್ನುತ್ತಾರೆ, ಇನ್ನೊಬ್ಬರು ಕೋಡಿಂಗ್ ಕಲಿಸಬೇಕು ಅನ್ನುತ್ತಾರೆ, ಮೂರನೆಯವರು ಫೋನ್ ಕಿತ್ತುಕೊಳ್ಳಿ ಅನ್ನುತ್ತಾರೆ. ಶಾಲೆಯಲ್ಲಿ ಕಿತ್ತುಕೊಳ್ಳಬಹುದು, ಮನೆಯಲ್ಲಿ?

ನನ್ನ ಪ್ರಶ್ನೆ ಇಷ್ಟೇ. ನಾನು ಕೇಳುವುದಕ್ಕೆಲ್ಲ ಫೋನ್ ಉತ್ತರ ಕೊಡುವುದಾದರೆ, ನಾನು ಕೇಳಬೇಕಾದ್ದು ಏನು? ನೀತಿ ಗೀತಿ ಮಾತು ಬೇಡ, 2020ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಆಮೇಲೆ ರಾಜ್ಯ ನಮ್ಮದೇ ಬೇರೆ ಮಾಡುತ್ತೇವೆ ಅಂತ ಆಯೋಗ ಮಾಡಿತು, ಅದೆಲ್ಲ ಗೊತ್ತಿದೆ. ಸೋಮವಾರ ಮೂರನೇ ಪಿರಿಯಡ್ಡಿಗೆ ಏನು ಮಾಡಲಿ, ಅದನ್ನು ಹೇಳಿ.

---

ಕೊಪ್ಪಳದ ಹಳೇ ಮಾಸ್ತರ್

ಮಾಸ್ತರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ಕಾಪಿ ಹೊಸದಲ್ಲ. ನಮ್ಮ ಕಾಲದಲ್ಲಿ ಗೈಡ್ ಇತ್ತು, ಅದಕ್ಕೂ ಮುಂಚೆ ಅಕ್ಕನ ನೋಟ್‌ಬುಕ್ ಇತ್ತು. ನಾನು 33 ವರ್ಷ ಮೇಷ್ಟ್ರಾಗಿದ್ದೆ, ಕೊನೆಗೆ ಮುಖ್ಯ ಗುರುಗಳಾಗಿ ನಿವೃತ್ತಿ ಆದೆ. "ಬರೆದಿದ್ದೇನೆ, ಓದಿಲ್ಲ" ಅನ್ನುವ ಮಕ್ಕಳನ್ನು 1990ರಲ್ಲೂ ನೋಡಿದ್ದೇನೆ. ಅವರು ಹಾಗಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಲಿಕಲಿ, ಅಂದರೆ ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡ್ ಹಿಡಿದು ಗುಂಪಿನಲ್ಲಿ ಆಡುತ್ತಾ ಕಲಿಯುವ ಪದ್ಧತಿ, ನಿಮಗೆ ಗೊತ್ತಿರುತ್ತದೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾಗಿದ್ದು, 2009-10ರ ಹೊತ್ತಿಗೆ ನಮ್ಮ ಕಡೆಗೂ ಬಂತು. ನಿಜ ಹೇಳಬೇಕೆಂದರೆ ನಾನು ಅದಕ್ಕೆ ವಿರೋಧ ಇದ್ದವನು. ಬೆಂಚಿಲ್ಲ, ಮಕ್ಕಳು ನೆಲದ ಮೇಲೆ ತಟ್ಟೆ ತಟ್ಟೆಯಾಗಿ ಗುಂಪು ಕೂತಿರುತ್ತಾರೆ, ಒಂದು ತಟ್ಟೆಗೆ ಮಾತ್ರ ಮೇಷ್ಟ್ರು ಪೂರ್ತಿ ಹೇಳಿಕೊಡುತ್ತಾರೆ, ಇನ್ನೊಂದು ತಟ್ಟೆಯಲ್ಲಿ ಗೆಳೆಯರೇ ಒಬ್ಬರಿಗೊಬ್ಬರು, ಮತ್ತೊಂದರಲ್ಲಿ ತಾನೇ ಕಲಿಯಬೇಕು. ಸಂತೆಗಿಂತ ಜಾಸ್ತಿ ಗದ್ದಲ. ಒಂದಿನ ಬಾಗಿಲಲ್ಲಿ ನಿಂತು ನೋಡಿದೆ. ಎರಡನೇ ಕ್ಲಾಸಿನ ಒಂದು ಹುಡುಗಿ ಪಕ್ಕದ ಹುಡುಗನಿಗೆ ಕಾರ್ಡ್ ಹಿಡಿದು ಓದಿಸುತ್ತಿದ್ದಳು. ಅವನು ಗೊಣಗೊಣ ಅಂದ. "ನನಗ ಕೇಳ್ಸಂಗ ಓದು" ಅಂತ ತೊಡೆಗೆ ಒಂದು ಏಟು ಕೊಟ್ಟಳು! ಅವನು ಓದಿದ, ತಪ್ಪಾಯಿತು, ಅವಳು ತಿದ್ದುವುದಕ್ಕೆ ಹೋಗಿ ತಾನೇ ಕಾರ್ಡ್ ತಿರುಗಿಸಿ ನೋಡಿದಳು. ಅವತ್ತಿಂದ ನಾನು ಗದ್ದಲದ ಬಗ್ಗೆ ಮಾತಾಡುವುದು ಬಿಟ್ಟೆ. ಬೇಜಾರು ಏನೆಂದರೆ, ಅದೇ ಮಕ್ಕಳು ನಾಲ್ಕನೇ ಕ್ಲಾಸಿಗೆ ಬಂದಾಗ ಎಲ್ಲರನ್ನೂ ಬೋರ್ಡ್ ಕಡೆ ಮುಖ ಮಾಡಿ ಕೂರಿಸಿ ಬಾಯಿ ಮುಚ್ಚಿಸುತ್ತೇವೆ.

ನಿಮ್ಮ ಸೋಮವಾರಕ್ಕೆ: ಫೈಲಿಗೆ ಅಂಕ ಕೊಡಬೇಡಿ. ಹುಡುಗನನ್ನು ಪಕ್ಕ ನಿಲ್ಲಿಸಿಕೊಂಡು ಅವನ ಫೈಲಿನಿಂದಲೇ ಮೂರು ಪ್ರಶ್ನೆ ಕೇಳಿ. ತಲಾ ಮೂರು ನಿಮಿಷ ಅಂದರೆ 38 ಮಕ್ಕಳಿಗೆ 114 ನಿಮಿಷ, ಮೂರು ಪಿರಿಯಡ್ಡಿನ ಕೆಲಸ. ಫೋನ್ ಬರೆದುಕೊಡಲಿ, ಹೇಳುವುದು ಅವನ ಬಾಯಿಂದ ಬರಬೇಕಲ್ಲ.

ಇನ್ನೊಂದು. ನಮ್ಮ ಕೊಪ್ಪಳದ ಗವಿಮಠದ ಗುಡ್ಡದ ಮೇಲೆ ಅಶೋಕನ ಶಾಸನ ಇದೆ. ಏಳನೇ ಕ್ಲಾಸನ್ನು ಹತ್ತಿಸಿಕೊಂಡು ಹೋಗಿದ್ದೆ. ಒಬ್ಬ ಕೇಳಿದ, "ಸರ, ಇಲ್ಲಿ ಯಾರಿಗೂ ಬರಲಾರದ ಭಾಷಾದಾಗ ಯಾಕ ಬರಸ್ಯಾನ?" ಪ್ರಾಕೃತ, ಬ್ರಾಹ್ಮಿ ಲಿಪಿ ಅಂತ ಪುಸ್ತಕದಲ್ಲಿದ್ದದ್ದು ಹೇಳಿದೆನೇ ಹೊರತು ಆ 'ಯಾಕೆ'ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮಗಂತೂ ಮಸ್ಕಿ ಪಕ್ಕದಲ್ಲೇ ಇದೆ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಕಲ್ಲು ಅದು, 1915ರಲ್ಲಿ ಸಿಕ್ಕಿದ್ದು. ನಿಮ್ಮ ಮಕ್ಕಳಲ್ಲಿ ಎಷ್ಟು ಜನ ನೋಡಿದ್ದಾರೆ ಕೇಳಿ ನೋಡಿ.

---

ಜೀನ್ಸ್ ಟೈಲರ್ ಬಳ್ಳಾರಿ

ನಾನು ಮೇಷ್ಟ್ರಲ್ಲ, ಎರಡು ಮಕ್ಕಳ ಅಪ್ಪ. ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಮೇಲಿನ ಹಿರಿಯರು ಹೇಳಿದ್ದು ಕೇಳಲು ಚೆನ್ನಾಗಿದೆ, ಆದರೆ ನಮ್ಮ ಕಡೆಯಿಂದ ಒಂದು ಮಾತು ಕೇಳಿ ಸರ್, ಬೇಜಾರಾಗಬೇಡಿ.

ಕೊನೆಗೆ ಮಕ್ಕಳು ಬರೆಯಬೇಕಾಗಿರುವುದು ಎಸ್‌ಎಸ್‌ಎಲ್‌ಸಿ. 80 ಅಂಕದ ಪೇಪರ್ರು, 20 ಆಂತರಿಕ. ನೀವು ಗುಡ್ಡ ಹತ್ತಿಸಿ, ಕಾಲುವೆ ತೋರಿಸಿ, ಪೇಪರ್ ಬೆಂಗಳೂರಿಂದ ಬರುತ್ತದೆ. 2023ರಲ್ಲಿ ರಾಜ್ಯದ ರಿಸಲ್ಟ್ 83.89 ಪರ್ಸೆಂಟ್ ಇತ್ತು. 2024ರಲ್ಲಿ ಪರೀಕ್ಷೆ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, 73.40ಕ್ಕೆ ಬಂತು. ಅದೂ ಗ್ರೇಸ್ ಅಂಕ ಜಾಸ್ತಿ ಕೊಟ್ಟ ಮೇಲೆ. 2025ರಲ್ಲಿ ಇನ್ನೂ ಇಳಿಯಿತು. ಅಂದರೆ ಇಷ್ಟು ವರ್ಷ ನಾವು ಪಾಸು ಅಂತ ಪೇಡಾ ಹಂಚಿದ್ದರಲ್ಲಿ ಎಷ್ಟು ಜನ ನಿಜವಾಗಿ ಕಲಿತಿದ್ದರು? ಕಾಪಿ ಮಾಡುವುದನ್ನು ಫೋನ್ ಕಲಿಸಿಲ್ಲ ಸರ್.

ದೊಡ್ಡ ಮಗನನ್ನು ಒಂದು ಪ್ರೈವೇಟ್ ಶಾಲೆಗೆ ಹಾಕಿದ್ದೇನೆ, ಹೆಸರು ಬೇಡ. ಸ್ಮಾರ್ಟ್ ಬೋರ್ಡ್ ಅಂತ ಫೀಸಿನಲ್ಲಿ ಬೇರೆ ಕಾಲಂ ಇದೆ. ಮಗನನ್ನು ಕೇಳಿದರೆ ಅದಕ್ಕೆ ವರ್ಷಪೂರ್ತಿ ಬಟ್ಟೆ ಹೊದಿಸಿರುತ್ತಾರಂತೆ, ಧೂಳಾಗುತ್ತದೆ ಅಂತ. ಪೇರೆಂಟ್ಸ್ ಮೀಟಿಂಗ್ ದಿನ ಬಟ್ಟೆ ತೆಗೆಯುತ್ತಾರೆ. ನಾವು ಹೋಗಿ ನೋಡಿ ಖುಷಿಪಟ್ಟು ಬರುತ್ತೇವೆ. ಚಿಕ್ಕವಳು ಸರ್ಕಾರಿ ಶಾಲೆ. ಅಲ್ಲಿ ಬೋರ್ಡೂ ಇಲ್ಲ, ಬಟ್ಟೆಯೂ ಇಲ್ಲ, ಆದರೆ ಅವಳು ಮನೆಗೆ ಬಂದು ನನಗೇ ಪಾಠ ಹೇಳುತ್ತಾಳೆ. ಇದು ಯಾಕೆ ಹೀಗೆ ಅಂತ ನನಗೆ ಗೊತ್ತಾಗಿಲ್ಲ.

ಇನ್ನು ನನ್ನ ಅಸಲಿ ಸಿಟ್ಟು ಹೇಳುತ್ತೇನೆ. ನಾನು ಟೇಬಲ್ ಮೇಲೆ ಐವತ್ತು ಪದರ ಡೆನಿಮ್ ಹಾಸಿ ಒಂದೇ ಸಲ ಕಟ್ ಮಾಡುತ್ತೇನೆ. ಮಾರ್ಕಿಂಗ್‌ನಲ್ಲಿ ಅರ್ಧ ಇಂಚು ತಪ್ಪಿದರೆ ಐವತ್ತು ಪ್ಯಾಂಟ್ ಹೋಯಿತು. ಈ ಲೆಕ್ಕ ನನಗೆ ಯಾವ ಶಾಲೆಯೂ ಕಲಿಸಿಲ್ಲ. ಕೈಕೆಲಸ ಅಂದರೆ ಏನು ಅಂತ ಗೊತ್ತಿರುವುದಕ್ಕೇ ಹೇಳುತ್ತಿದ್ದೇನೆ, ನನ್ನ ಮಕ್ಕಳಿಗೆ ಶಾಲೆಯಲ್ಲಿ ಅದು ಬೇಡ. ಬೆಂಗಳೂರಿನ ದೊಡ್ಡ ಶಾಲೆಯ ಮಕ್ಕಳು ರೋಬೋಟ್ ಮಾಡುತ್ತಾರೆ, ನಮ್ಮ ಮಕ್ಕಳು ಮಾತ್ರ ಊರ ಕಾಲುವೆ, ಊರ ಕುಂಬಾರ, ಊರ ಕಮ್ಮಾರ ಅಂತ ಕಲಿಯಬೇಕಾ? ಊರು ನಮಗೆ ಗೊತ್ತೇ ಇದೆ. ಊರು ಬಿಟ್ಟು ಹೊರಗಿನದು ಹೇಳಿಕೊಡಿ ಅಂತ ತಾನೇ ಶಾಲೆಗೆ ಕಳಿಸುವುದು.

---

ಎಡದಂಡೆ ಮಾಸ್ತರ್

@ಜೀನ್ಸ್ ಟೈಲರ್, ಅಣ್ಣಾ, ಬೇಜಾರೇನಿಲ್ಲ. ಚುಚ್ಚಿತು, ಅದು ನಿಜ. ಆದರೆ ಊರು ಗೊತ್ತೇ ಇದೆ ಅಂದಿರಲ್ಲ, ನಮ್ಮ ಹುಡುಗ ಕಾವೇರಿ ಅಂತ ಬರೆದ.

---

ಅತಿಥಿ ಟೀಚರ್ (ದೇವದುರ್ಗ ತಾಲೂಕು)

ನೀವೆಲ್ಲ ಹೈಸ್ಕೂಲಿನ ಮಾತಾಡುತ್ತಿದ್ದೀರಿ. ನನ್ನದು ಕಿರಿಯ ಪ್ರಾಥಮಿಕ, ನಾನು ಅತಿಥಿ ಶಿಕ್ಷಕಿ. ನನ್ನ ಹತ್ತಿರ ಐದನೇ ಕ್ಲಾಸಿನಲ್ಲಿ 17 ಮಕ್ಕಳಿದ್ದಾರೆ, ಅದರಲ್ಲಿ ಆರು ಮಕ್ಕಳಿಗೆ ಎರಡನೇ ಕ್ಲಾಸಿನ ಪುಸ್ತಕ ಓದಲು ಬರುವುದಿಲ್ಲ. ದಡ್ಡರಲ್ಲ ಅವರು. ದೀಪಾವಳಿ ಆದ ಮೇಲೆ ಅಪ್ಪ ಅಮ್ಮನ ಜೊತೆ ಗುಳೆ ಹೋಗುತ್ತಾರೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ, ಬರುವುದು ಯುಗಾದಿಗೆ. ಅಷ್ಟೊತ್ತಿಗೆ ವರ್ಷ ಮುಗಿದಿರುತ್ತದೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಉದ್ದಕ್ಕೂ ಖಾಲಿ ಮನೆಗಳು.

ಮನೆಗೊಂದೇ ಫೋನ್. ಅದೂ ಅಪ್ಪನ ಜೇಬಿನಲ್ಲಿ. ಅದಕ್ಕೇ ಈ ಎಐ ಗಿಐ ಎಲ್ಲ ನಮ್ಮ ಮಕ್ಕಳಿಗೆ ಇನ್ನೂ ಹತ್ತು ವರ್ಷ ದೂರ ಅಂತ ಅಂದುಕೊಂಡಿದ್ದೆ. ಆದರೆ ಒಂದು ವಿಷಯ ನೋಡಿ ಗಾಬರಿ ಆಯಿತು. ಓದಲು ಬಾರದ ಒಬ್ಬ ಹುಡುಗ ರಜೆಯಲ್ಲಿ ಊರಿಗೆ ಬಂದವನು ಅಪ್ಪನ ಫೋನ್ ಹಿಡಿದು, ಮೈಕ್ ಒತ್ತಿ, "ಟ್ರ್ಯಾಕ್ಟರ್ ಇಂಜಿನ್ ಹೆಂಗ ಕೆಲಸ ಮಾಡ್ತದ" ಅಂತ ಕೇಳುತ್ತಿದ್ದಾನೆ. ಅದು ಕನ್ನಡದಲ್ಲೇ ಹೇಳುತ್ತಿದೆ. ಅವನು ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಹಾಕುತ್ತಿದ್ದಾನೆ. ನನ್ನ ಕ್ಲಾಸಿನಲ್ಲಿ ಅವನು ಒಂದೂ ಪ್ರಶ್ನೆ ಕೇಳಿದವನಲ್ಲ.

ಖುಷಿ ಪಡಬೇಕಾ, ಅಳಬೇಕಾ ಗೊತ್ತಾಗಲಿಲ್ಲ. ಇನ್ನು ಇವನಿಗೆ ಓದು ಯಾಕೆ ಬೇಕು ಅಂತ ಅವರಪ್ಪ ಕೇಳಿದರೆ ನಾನು ಏನು ಹೇಳಲಿ? ಕಾವೇರಿ ಅಂತ ಅದು ಹೇಳಿದಾಗ ತಪ್ಪು ಅಂತ ಗೊತ್ತಾಗಲು ಓದು ಬೇಕು ಅಂತ ಹೇಳಬಹುದು, ಆದರೆ ಮಾಸ್ತರರ ಹುಡುಗನಿಗೆ ಓದು ಬರುತ್ತಿತ್ತಲ್ಲ, ಆದರೂ ಗೊತ್ತಾಗಲಿಲ್ಲ. ಹಾಗಾಗಿ ಆ ಉತ್ತರವೂ ಪೂರ್ತಿ ಸರಿ ಇಲ್ಲ.

ಹೋದ ವರ್ಷ ಒಂದು ಪ್ರಯೋಗ ಮಾಡಿದೆ, ಅದನ್ನಷ್ಟೇ ಹೇಳುತ್ತೇನೆ. ಗುಳೆ ಹೋದ ಆರು ಮನೆಯ ಫೋನ್ ನಂಬರ್ ಇಟ್ಟುಕೊಂಡು ರಾತ್ರಿ ಎಂಟಕ್ಕೆ ಒಂದು ನಿಮಿಷದ ಕಥೆ ವಾಯ್ಸ್ ಮೆಸೇಜ್ ಹಾಕುತ್ತಿದ್ದೆ, ಕಥೆ ಅರ್ಧಕ್ಕೆ ನಿಲ್ಲಿಸಿ. ಮುಂದಿನದನ್ನು ಮಕ್ಕಳು ಹೇಳಿ ಕಳಿಸಬೇಕು. ಐದು ಮನೆಯಿಂದ ಏನೂ ಬರಲಿಲ್ಲ. ಒಂದು ಹುಡುಗಿ ಮಾತ್ರ ಬೆಂಗಳೂರಿನ ಶೆಡ್ಡಿನಿಂದ ವಾರಕ್ಕೆ ಎರಡು ಮೂರು ಕಳಿಸುತ್ತಿದ್ದಳು, ಹಿಂದೆ ಮಿಕ್ಸರ್ ಗಾಡಿ ಸದ್ದು. ಅವಳ ಕಥೆಗಳನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟೆ. ಯುಗಾದಿಗೆ ಬಂದಾಗ ಅವಳ ಕೈಗೆ ಕೊಟ್ಟೆ. ತನ್ನದೇ ಮಾತು ಅಲ್ವಾ, ಬಾಯಿಪಾಠ ಇತ್ತು, ಅಕ್ಷರಕ್ಕೆ ಬೆರಳಿಟ್ಟು ಹೊಂದಿಸಿಕೊಳ್ಳುತ್ತಾ ಹೋದಳು. ಮೇ ತಿಂಗಳಲ್ಲಿ ಪುಸ್ತಕ ಓದುತ್ತಿದ್ದಳು. ಆರರಲ್ಲಿ ಒಬ್ಬಳು. ಉಳಿದ ಐವರಿಗೆ ಏನು ಮಾಡುವುದು ಅಂತ ಯಾರಾದರೂ ಹೇಳಿ. ಈ ವರ್ಷ ನನ್ನನ್ನೇ ಮತ್ತೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಅದೂ ಗೊತ್ತಿರಲಿಲ್ಲ, ಜೂನ್ ಕೊನೆಗೆ ಗೊತ್ತಾಯಿತು.

---

ಫಿಟ್ಟರ್ ಮಾಸ್ತರ್ ಗಂಗಾವತಿ

ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಹೇಳುತ್ತೇನೆ. ನಿಮ್ಮೆಲ್ಲರ ಶಾಲೆ ದಾಟಿದ ಮಕ್ಕಳು ಕೊನೆಗೆ ನನ್ನ ಹತ್ತಿರ ಬರುತ್ತಾರೆ. ಗಣಿತದಲ್ಲಿ 80 ತೆಗೆದ ಹುಡುಗನ ಕೈಗೆ ವರ್ನಿಯರ್ (ಮಿಲಿಮೀಟರಿನ ಭಾಗವನ್ನೂ ಅಳೆಯುವ ಸಾಧನ) ಕೊಟ್ಟರೆ ಎರಡು ಗೆರೆ ಎಲ್ಲಿ ಕೂಡುತ್ತವೆ ಅಂತ ನೋಡಲು ಒಂದು ವಾರ ಬೇಕು. ಅಳತೆ ಅಂದರೆ ಪುಸ್ತಕದಲ್ಲಿ ಕೊಟ್ಟಿರುತ್ತಾರೆ ಅಂತ ಅವನ ನಂಬಿಕೆ. ಅಳತೆಯನ್ನು ನಾವೇ ತಗೋಬೇಕು, ಅದು ಸಲಕ್ಕೊಂದು ಥರ ಬರುತ್ತದೆ, ಆಗ ಯಾವುದನ್ನು ನಂಬಬೇಕು ಅಂತ ತೀರ್ಮಾನ ಮಾಡಬೇಕು, ಇದು ಹತ್ತು ವರ್ಷದ ಶಾಲೆಯಲ್ಲಿ ಒಂದು ಸಲವೂ ಆಗಿರುವುದಿಲ್ಲ.

@ಜೀನ್ಸ್ ಟೈಲರ್ ಅವರೇ, ನಿಮ್ಮ ಸಿಟ್ಟಿಗೆ ಕಾರಣ ಇದೆ. ಆದರೆ ಕಾಲುವೆ ಅಂದರೆ ಹಳ್ಳಿ ವಿಷಯ ಅಂತ ಯಾರು ಹೇಳಿದರು? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯಿತಲ್ಲ, ಆ ವಾರ ಪೂರ್ತಿ ಟಿವಿಯಲ್ಲಿ ಕ್ಯೂಸೆಕ್, ಟಿಎಂಸಿ ಅಂತ ಕೂಗಿದರು. ಒಂದು ಕ್ಯೂಸೆಕ್ ಅಂದರೆ ಎಷ್ಟು ನೀರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಕಣ್ಣಿಗೆ ಕಟ್ಟುತ್ತದೆ? ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ಕೊಡ. ಟಿಎಂಸಿ ಅಂದರೆ 100 ಕೋಟಿ ಘನ ಅಡಿ. 11,574 ಕ್ಯೂಸೆಕ್ ನೀರು ಇಡೀ ಒಂದು ದಿನ ಹರಿದರೆ ಒಂದು ಟಿಎಂಸಿ. ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105 ಚಿಲ್ಲರೆ. ಈ 28 ಟಿಎಂಸಿ ಹೂಳಿನ ಲೆಕ್ಕ ಗೊತ್ತಿರುವವನಿಗೆ ರೋಬೋಟಿನ ಲೆಕ್ಕ ಕಷ್ಟ ಅಲ್ಲ ಬಿಡಿ.

ಎಡದಂಡೆ ಮಾಸ್ತರೇ, ಇದನ್ನು ಮಾಡಿ ನೋಡಿ. "ನೀರಾವರಿ ಬಗ್ಗೆ ಬರೆಯಿರಿ" ಅನ್ನಬೇಡಿ. "ನಮ್ಮ ಶಾಲೆ ಹಿಂದಿನ ಕಾಲುವೆಯಲ್ಲಿ ಇವತ್ತು ಎಷ್ಟು ಕ್ಯೂಸೆಕ್ ಹರಿಯುತ್ತಿದೆ" ಅಂತ ಕೇಳಿ. ಅದು ಯಾವ ಫೋನಿಗೂ ಗೊತ್ತಿಲ್ಲ. ಮೂವತ್ತು ಅಡಿ ದೂರಕ್ಕೆ ಎರಡು ಗುರುತು ಹಾಕಿ, ತೇಲುವುದು ಏನಾದರೂ ಬಿಟ್ಟು, ಎಷ್ಟು ಸೆಕೆಂಡು ತಗೊಂಡಿತು ನೋಡಿ. ವೇಗ ಸಿಕ್ಕಿತು. ಕಾಲುವೆ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿ. ಮೇಲಿನ ನೀರು ಒಳಗಿನ ನೀರಿಗಿಂತ ಜೋರಾಗಿ ಓಡುತ್ತದೆ, ಅದಕ್ಕೆ ಕೊನೆಗೆ 0.85ರಿಂದ ಗುಣಿಸಬೇಕು. ಇದನ್ನು ಮಾತ್ರ ಮೊದಲೇ ಹೇಳಬೇಡಿ.

---

ಗಂಗಾವತಿ ತಾಯಿ

ಎಲ್ಲಾ ಸರಿ, 38 ಮಕ್ಕಳನ್ನು ಕಾಲುವೆ ದಂಡೆಗೆ ಕರೆದುಕೊಂಡು ಹೋಗುತ್ತೀರಾ ಒಬ್ಬರೇ? ಏನಾದರೂ ಆದರೆ? ಯಾವ ಅಮ್ಮನೂ ಒಪ್ಪುವುದಿಲ್ಲ. ನನ್ನ ತಮ್ಮ ಕಾಲುವೆಯಲ್ಲೇ ಹೋಗಿದ್ದು. ದಯವಿಟ್ಟು ಯೋಚನೆ ಮಾಡಿ.

---

ಫಿಟ್ಟರ್ ಮಾಸ್ತರ್ ಗಂಗಾವತಿ

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಬರೆಯುವಾಗಲೇ ಹೇಳಬೇಕಿತ್ತು. ಮಾಸ್ತರೇ, ದೊಡ್ಡ ನಾಲೆ ಹತ್ತಿರ ಹೋಗಲೇಬೇಡಿ. ಮೊಣಕಾಲು ಆಳದ ಸಣ್ಣ ಉಪಕಾಲುವೆ ಸಾಕು. ಇನ್ನೂ ನೀರು ಬಿಟ್ಟಿಲ್ಲ ಅಲ್ವಾ, ಒಣ ಕಾಲುವೆ ಇದ್ದಾಗಲೇ ಅಳತೆ ತಗೊಂಡುಬಿಡಿ. ನೀರು ಬಂದ ಮೇಲೆ ಸಿಡಿ (ಕಾಲುವೆ ದಾಟುವ ಸಣ್ಣ ಸೇತುವೆ) ಮೇಲೆ ನಿಂತು ಬಿಡುವುದಷ್ಟೇ, ಯಾರೂ ಇಳಿಯಬಾರದು.

---

ಎಡದಂಡೆ ಮಾಸ್ತರ್ (ಆರು ವಾರ ಆದ ಮೇಲೆ)

ತಡ ಆಯಿತು, ಕ್ಷಮಿಸಿ. ಮಾಡಿದೆವು. ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

ಕೊಪ್ಪಳದ ಗುರುಗಳು ಹೇಳಿದ ಮೂರು ಪ್ರಶ್ನೆ ಮೊದಲು ಮಾಡಿದೆ. ಮೂರು ಪಿರಿಯಡ್ ಅಲ್ಲ, ಐದು ಹಿಡಿಯಿತು. ಉಳಿದವರು ಸುಮ್ಮನೆ ಕೂರುವುದಿಲ್ಲವಲ್ಲ. ಅರ್ಧ ಮಕ್ಕಳಿಗೆ ತಾವು ಬರೆದ ಶಬ್ದಕ್ಕೇ ಅರ್ಥ ಗೊತ್ತಿರಲಿಲ್ಲ. ಮಸ್ಕಿ ಶಾಸನ ನೋಡಿದವರು ಇಬ್ಬರು.

ಆಮೇಲೆ ಕಾಲುವೆ. ಗಂಗಾವತಿ ಅಕ್ಕನ ಮಾತು ಓದಿದ ಮೇಲೆ ಎರಡು ರಾತ್ರಿ ಬೇಡವೇ ಬೇಡ ಅನ್ನಿಸಿತ್ತು. ಕೊನೆಗೆ ಎಸ್‌ಡಿಎಂಸಿ (ಶಾಲೆ ನೋಡಿಕೊಳ್ಳುವ ಪಾಲಕರ ಸಮಿತಿ) ಅಧ್ಯಕ್ಷರನ್ನೂ, ನಾಲ್ಕು ಜನ ಪಾಲಕರನ್ನೂ ಕರೆದುಕೊಂಡು, ನಮ್ಮ ಹುಡುಗನ ಅಪ್ಪ ಗ್ಯಾಂಗ್‌ಮನ್ ಅವರೂ ಬಂದರು, ಎರಡು ಸಲ ಹೋದೆವು. ನೀರು ಬಿಡುವ ಮುಂಚೆ ಒಮ್ಮೆ, ಅಳತೆಗೆ. ಆಮೇಲೆ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇನ್ನೊಮ್ಮೆ, ನೀರಿದ್ದಾಗ.

ಅಗಲ 8 ಅಡಿ, ಆಳ 2 ಅಡಿ, 16 ಚದರ ಅಡಿ ಅಂತ ಹುಡುಗರು ಫಟ್ ಅಂತ ಲೆಕ್ಕ ಹಾಕಿಬಿಟ್ಟರು. ಮೂಲೆಯಲ್ಲಿ ನಿಂತಿದ್ದ ಒಂದು ಹುಡುಗಿ, ಕ್ಲಾಸಿನಲ್ಲಿ ಬಾಯೇ ಬಿಡದವಳು, "ಸರ, ತಳದಾಗ ನಾಕ ಅಡಿನೇ ಐತಿ, ಇದು ತ್ರಾಪಿಜ್ಯ ಐತ್ರಿ" ಅಂದಳು. ಹನ್ನೊಂದು ವರ್ಷದಿಂದ ತ್ರಾಪಿಜ್ಯ ಹೇಳುತ್ತಿದ್ದೇನೆ. ದಿನಾ ಆ ಕಾಲುವೆ ದಾಟಿ ಶಾಲೆಗೆ ಬರುತ್ತೇನೆ. ನನಗೇ ಹೊಳೆದಿರಲಿಲ್ಲ. 16 ಹೋಗಿ 12 ಆಯಿತು.

ನೀರು ಬಂದ ಮೇಲೆ ಬೇವಿನ ಎಲೆ ಬಿಟ್ಟರು, ಗಾಳಿಗೆ ದಂಡೆಗೆ ಹೋಗಿ ಹುಲ್ಲಿಗೆ ಸಿಕ್ಕಿಕೊಂಡಿತು. ನಿಂಬೆಹಣ್ಣು ಬಿಡೋಣ ಅಂತ ಒಬ್ಬ ಅಂದ. "ಕಾಲುವ್ಯಾಗ ನಿಂಬೆಹಣ್ಣು ತೇಲಿ ಬಂದ್ರ ಕೆಳಗಿನೋರು ಮಾಟ ಮಾಡ್ಯಾರ ಅಂತ ಶಾಲಿಗೇ ಬರ್ತಾರ" ಅಂತ ಎಸ್‌ಡಿಎಂಸಿ ಅಧ್ಯಕ್ಷರು ತಡೆದರು! ಕೊನೆಗೆ ಸಣ್ಣ ನೀರಿನ ಬಾಟಲಿಗೆ ಅರ್ಧ ನೀರು ತುಂಬಿ ಬಿಟ್ಟೆವು, ಕೆಳಗಿನ ಸಿಡಿ ಹತ್ತಿರ ಒಬ್ಬ ಪಾಲಕರು ಕೋಲಲ್ಲಿ ಹಿಡಿದುಕೊಂಡರು. 30 ಅಡಿಗೆ 19 ಸೆಕೆಂಡು, 21, 20. ಯಾವುದು ಸರಿ ಸರ ಅಂತ ಕೇಳಿದರು. ಫಿಟ್ಟರ್ ಮಾಸ್ತರ್ ನೆನಪಾದರು. ಸರಾಸರಿ 20 ಹಿಡಿದು ಸೆಕೆಂಡಿಗೆ ಒಂದೂವರೆ ಅಡಿ, 12ರಿಂದ ಗುಣಿಸಿ 18 ಕ್ಯೂಸೆಕ್. ಅಷ್ಟರಲ್ಲಿ ಇನ್ನೊಬ್ಬ ದಂಡೆ ಪಕ್ಕ ಬಿಟ್ಟು ನೋಡಿದ್ದ, 29 ಸೆಕೆಂಡು. ಅಂಚಿನಲ್ಲಿ ಯಾಕೆ ನಿಧಾನ? ಇದು ನನ್ನ ಪ್ರಶ್ನೆ ಅಲ್ಲ, ಅವರದು. ನಮ್ಮ ಕಾವೇರಿ ಹುಡುಗ ಅಪ್ಪನ ಫೋನ್ ತೆಗೆದು ಕೇಳಿಯೇಬಿಟ್ಟ. ಕಾಲುವೆ ಗೋಡೆ, ತಳ ನೀರನ್ನು ತಡೆಯುತ್ತವೆ, ಸರಾಸರಿಗೆ 0.85 ಹಾಕಿ ಅಂತ ಅದು ಹೇಳಿತು. ಈ ಸಲ ಓದಿದ, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ. 15.3 ಕ್ಯೂಸೆಕ್.

ಗ್ಯಾಂಗ್‌ಮನ್ ಅವರು ನಕ್ಕರು. "ನಮ್ಮ ಲೆಕ್ಕದಾಗ ಇದರಾಗ ಇಪ್ಪತ್ತು ಬರಬೇಕ್ರಿ" ಅಂದರು. ಹಾಗಾದರೆ 4.7 ಎಲ್ಲಿ ಹೋಯಿತು?

ಇಲ್ಲಿಂದ ಕೆಟ್ಟಿತು ನೋಡಿ. ಹೂಳು ಅಂದ ಒಬ್ಬ, ಜೇಕು ಹುಲ್ಲು ಬೆಳೆದಿದೆ ಅಂದ ಇನ್ನೊಬ್ಬ. ಕಾಲುವೆಯ ಕೆಳಭಾಗದ ಕ್ಯಾಂಪಿನ (ವಲಸೆ ಬಂದ ರೈತರ ಊರು) ಹುಡುಗಿಯೊಬ್ಬಳು, "ಮ್ಯಾಲಿನವ್ರು ರಾತ್ರಿ ಪಂಪ್‌ಸೆಟ್ ಹಚ್ಚಿ ಎತ್ತತಾರ, ನಮ್ಮ ಗದ್ದಿಗೆ ಮುಟ್ಟೂದಿಲ್ಲ" ಅಂದಳು. ಮೇಲಿನ ಊರಿನ ಹುಡುಗರು ಆರು ಜನ ಅವಳ ಮೇಲೆ ಬಿದ್ದರು. ಸೋಮವಾರ ಕ್ಲಾಸಿನಲ್ಲೂ ಅದೇ ಜಗಳ. ಒಬ್ಬ ಪಾಲಕರು ಶಾಲೆಗೆ ಬಂದು, ಮಕ್ಕಳಿಗೆ ಲೆಕ್ಕ ಹೇಳಿಕೊಡ್ರಿ, ನಮ್ಮ ಪಂಪ್‌ಸೆಟ್ ಎಣಿಸೋದು ಬೇಡ ಅಂದರು. ಹೆಡ್‌ಮಾಸ್ತರ್ ಇನ್ನು ಕಾಲುವೆ ಸಾಕು ಅಂದಿದ್ದಾರೆ. ಅವರ ಕಷ್ಟವೂ ನನಗೆ ಗೊತ್ತಾಗುತ್ತದೆ.

@ಜೀನ್ಸ್ ಟೈಲರ್ ಅಣ್ಣಾ, ಊರು ನಮಗೆ ಗೊತ್ತೇ ಇದೆ ಅಂದಿರಿ. ಗೊತ್ತಿರುವುದನ್ನು ಅಳೆದರೆ ಹೀಗಾಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ.

ಕಾವೇರಿ ಹುಡುಗ ಫೈಲ್ ಮತ್ತೆ ಬರೆದ. ಎರಡೇ ಪುಟ. ಹನ್ನೊಂದು ಕಾಗುಣಿತದ ತಪ್ಪು. ಮೊದಲ ಸಾಲು: "ನೀರು ಬಿಟ್ಟಾಗ ನಮ್ಮ ಅಪ್ಪ ಮೂರು ರಾತ್ರಿ ಗೇಟಿನ ಹತ್ರನೆ ಮಲಗುತ್ತಾರೆ." ನಮ್ಮ ನಮೂನೆಯಲ್ಲಿ ಪೀಠಿಕೆಗೆ ಇಷ್ಟು, ಉದ್ದೇಶಕ್ಕೆ ಇಷ್ಟು, ಉಪಸಂಹಾರಕ್ಕೆ ಇಷ್ಟು ಅಂತ ಅಂಕ ಇದೆ. ಇವನ ಫೈಲಿನಲ್ಲಿ ಮೂರೂ ಇಲ್ಲ. ಹಳೇ ಫೈಲಿನಲ್ಲಿ ಮೂರೂ ಇದ್ದವು. ಇನ್ನೂ ಅಂಕ ಹಾಕಿಲ್ಲ.

---

ಅತಿಥಿ ಟೀಚರ್ (ದೇವದುರ್ಗ ತಾಲೂಕು)

ಸರ್, ಆ ಎರಡು ಪುಟ ನನಗೆ ಫೋಟೋ ಕಳಿಸಿ, ಹುಡುಗ ಒಪ್ಪಿದರೆ ಮಾತ್ರ. ನಮ್ಮ ಐದನೇ ಕ್ಲಾಸಿನಲ್ಲಿ ಓದಿಸುತ್ತೇನೆ. ತಪ್ಪು ತಿದ್ದಬೇಡಿ, ಹಾಗೇ ಕಳಿಸಿ, ಅವರೇ ಹುಡುಕಲಿ.

---

ಜೀನ್ಸ್ ಟೈಲರ್ ಬಳ್ಳಾರಿ

ಪೂರ್ತಿ ಓದಿದೆ ಸರ್, ಮಗಳಿಗೂ ಓದಿ ಹೇಳಿದೆ. ಪೇಪರಿನಲ್ಲಿ ಇದು ಬರುವುದಿಲ್ಲ ಅನ್ನುವುದು ನನ್ನ ಮಾತು ಈಗಲೂ ಅದೇ. ಆದರೆ ಆ ತ್ರಾಪಿಜ್ಯದ ಹುಡುಗಿ ನಮ್ಮ ಟೇಬಲ್‌ಗೆ ಬಂದರೆ ಮಾರ್ಕಿಂಗ್ ಕಲಿಸುವುದಕ್ಕೆ ಒಂದು ದಿನ ಸಾಕು ನನಗೆ. ಬರುವುದು ಬೇಡ, ಓದಲಿ. ಮಗಳು ಒಂದು ಕೇಳುತ್ತಿದ್ದಾಳೆ, ಕೆಳಭಾಗದ ಕ್ಯಾಂಪಿನ ಹತ್ತಿರವೂ ಅಳೆದರೆ 4.7 ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದಲ್ಲ, ಯಾಕೆ ಅಳೆಯಲಿಲ್ಲ?

---

ಎಡದಂಡೆ ಮಾಸ್ತರ್

ನಮ್ಮ ಮಕ್ಕಳೂ ಅದನ್ನೇ ಕೇಳುತ್ತಿದ್ದಾರೆ. ಹೆಡ್‌ಮಾಸ್ತರ್ ಹತ್ತಿರ ಇನ್ನೊಂದು ಸಲ ಮಾತಾಡುತ್ತೇನೆ, ಎರಡೂ ಊರಿನ ಪಾಲಕರನ್ನು ಒಟ್ಟಿಗೆ ಕರೆದರೆ ಒಪ್ಪಬಹುದು. ಟೇಪೂ ಬೇಕು. ಶಾಲೆಯಲ್ಲಿ ಇರುವುದು ಹದಿನೈದು ಅಡಿಯದು, ಮೊದಲ ಮೂರು ಇಂಚು ಹರಿದಿದೆ.

---

ಫಿಟ್ಟರ್ ಮಾಸ್ತರ್ ಗಂಗಾವತಿ

ಮೂವತ್ತು ಮೀಟರಿನ ಟೇಪ್ ನನ್ನ ಹತ್ತಿರ ಎರಡಿವೆ. ನಾಳೆ ಬೆಳಗ್ಗಿನ ಸಿಂಧನೂರು ಬಸ್ಸಿನ ಕಂಡಕ್ಟರ್ ಕೈಲಿ ಒಂದು ಕೊಟ್ಟು ಕಳಿಸುತ್ತೇನೆ. ಬಸ್ ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸಿ. ಹರಿದ ಟೇಪ್ ಬಿಸಾಡಬೇಡಿ, ಮೂರು ಇಂಚು ಕಳೆದು ಲೆಕ್ಕ ಹಾಕಲು ಮಕ್ಕಳಿಗೆ ಕೊಡಿ.